ಉದುರು ಹಣ್ಣಿನ ಕಾಫಿ

ದೀಪಶ್ರೀ ನಮ್ಮ ಅಣ್ಣನ ಮಗಳು. ಹಾಸನದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆ ಮುಗಿಸಿದ್ದಾಳೆ. ಬೆಳಗೋಡಿನ ಹತ್ತಿರ ನಮಗೆ ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ ತೋಟ ಇದೆ. ನಾನು ಪಕ್ಕದ ಎಸ್ಟೇಟಿನಲ್ಲಿ ಜೀಪು ಓಡಿಸುತ್ತೇನೆ.

ಈ ವರ್ಷ ಅವಳು ಕೆಲಸ ಕೇಳದ ಕಡೆ ಇಲ್ಲ. ಎಲ್ಲರೂ ಅನುಭವ ಇದೆಯಾ ಅಂತಲೇ ಕೇಳಿದರು.

"ಯಾರಾದ್ರೂ ಒಳಗೆ ಬಿಟ್ಕೊಂಡ್ರೆ ತಾನೇ ಚಿಕ್ಕಪ್ಪ ಅನುಭವ ಬರೋದು?" ಎಂದಳು ಒಂದು ದಿನ.

ಕೊನೆಗೆ ಸಕಲೇಶಪುರದ ಹೊರಗಿನ ಒಂದು ಕಾಫಿ ಕಂಪನಿಯವರು ಕರೆದರು. ಕಾಫಿಯ ರುಚಿ ನೋಡುವ ಲ್ಯಾಬಿನಲ್ಲಿ ಮೂರು ತಿಂಗಳ ತರಬೇತಿ. ತೆಗೆದುಕೊಳ್ಳುವುದು ಒಬ್ಬರನ್ನೇ. ಅದೂ ತಪ್ಪಿದರೆ ಅವಳಿಗೆ ಕೇಳಲು ಬೇರೆ ಜಾಗ ಉಳಿದಿರಲಿಲ್ಲ.

ಜೀಪಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ದುಪಟ್ಟಾದ ತುದಿ ಸುತ್ತುತ್ತಾ ಕೂತಿದ್ದಳು.

ಲ್ಯಾಬಿನ ಬಾಗಿಲ ಹತ್ತಿರ ಬೆಂಚಿನ ಮೇಲೆ ಕೂತೆ. ಒಳಗೆ ಮೇಜಿನ ಮೇಲೆ ಸಾಲಾಗಿ ಲೋಟಗಳು. ಹಾಲಿಲ್ಲ, ಬೆಲ್ಲ ಇಲ್ಲ, ಬರೀ ಕಪ್ಪು ಕಾಫಿ. ಹಾಸನದ ರೇವಂತ್ ಅನ್ನುವ ಹುಡುಗನೂ ಪರೀಕ್ಷೆಗೆ ಬಂದಿದ್ದ.

"ಚಮಚದಲ್ಲಿ ಹೀರಿ, ಬಾಯಲ್ಲಿ ಆಡ್ಸಿ, ಉಗೀರಿ. ಯಾವ್ದು ಚೆನ್ನಾಗಿದೆ, ಯಾವ್ದು ಕೆಟ್ಟಿದೆ ಹೇಳಿ," ಎಂದರು ಲ್ಯಾಬಿನ ಮುಖ್ಯಸ್ಥರಾದ ಚಂದ್ರಶೇಖರ್.

ರೇವಂತ್ ಸೊರ್ರೆಂದು ಹೀರಿ, ಬೇಸಿನ್ನಿಗೆ ಉಗಿದು, ಉತ್ತರವನ್ನು ಚೀಟಿಯಲ್ಲಿ ಬರೆದುಕೊಟ್ಟ. ದೀಪಶ್ರೀ ಉಗುಳಲಿಲ್ಲ. ನಮ್ಮೂರ ಕಡೆ, ಕೊಟ್ಟ ಕಾಫಿಯನ್ನು ಕೊಟ್ಟವರ ಎದುರೇ ಉಗಿದರೆ ಜಗಳವೇ ಆಗುತ್ತದೆ. ನುಂಗುತ್ತಲೇ ಹೋದಳು.

"ಉಗೀಬೇಕಮ್ಮ. ಹಿಂಗೆ ಕುಡಿದ್ರೆ ರಾತ್ರಿಯೆಲ್ಲ ನಿದ್ದೆ ಇರಲ್ಲ," ಎಂದರು ಚಂದ್ರಶೇಖರ್.

ರೇವಂತ್ ನಕ್ಕ. ಅವಳ ಕಿವಿ ಕೆಂಪಾಯಿತು. ಕೊನೆಯ ಲೋಟ ತೋರಿಸಿ, "ಇದು ಚೆನ್ನಾಗಿದೆ ಸರ್. ಬಾಯಿಗೆ ಹಿಡೀತು," ಎಂದಳು.

ಚಂದ್ರಶೇಖರ್ ಕನ್ನಡಕ ತೆಗೆದರು. "ಇದೇ ಕೆಟ್ಟಿರೋದು. ನೆಲಕ್ಕೆ ಉದುರಿ ಬೂಷ್ಟು ಹಿಡಿದ ಹಣ್ಣು ಸೇರಿದೆ."

ಮುಗಿಯಿತು ಅಂದುಕೊಂಡೆ. ಜೀಪಿನ ಕೀಲಿಗೆ ಜೇಬು ತಡಕಿದೆ. ಆದರೆ ಅವಳು ಅಲ್ಲಿಂದ ಕದಲಲಿಲ್ಲ.

"ಸರ್, ಇದು ನಮ್ಮನೆ ಕಾಫಿ ಥರಾನೇ ಐತೆ."

"ಅಂದ್ರೆ?"

"ಗಿಡದಿಂದ ಕುಯ್ದಿದ್ದೆಲ್ಲ ಮಾರೋಕೆ ಹೋಗ್ತದೆ. ಬುಡದಲ್ಲಿ ಉದ್ರಿದ್ದು ಮನೆಗೆ. ಅದನ್ನೇ ಹುರ್ದು, ಬೆಲ್ಲ ಹಾಕಿ ಕುಡಿಯೋದು. ಒಳ್ಳೇದು ಹೆಂಗಿರ್ತದೆ ಅಂತ ಇವತ್ತೇ ನೋಡಿದ್ದು."

ನಾನು ತಲೆ ತಗ್ಗಿಸಿದೆ. ಮನೆಯ ವಿಷಯ ಇಲ್ಲಿ ಯಾಕೆ ಹೇಳಿದಳು ಅನ್ನಿಸಿತು.

"ಇನ್ನೊಂದ್ಸಲ ನೋಡ್ಲಾ ಸರ್? ಲೋಟ ಎಲ್ಲಾ ಅದಲು ಬದಲು ಮಾಡಿ ಕೊಡಿ."

ಚಂದ್ರಶೇಖರ್ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಒಳಗೆ ಹೋಗಿ ಹೊಸದಾಗಿ ಕಾಫಿ ಹಾಕಿ ತಂದರು. ಇಬ್ಬರೂ ನೋಡಲಿ ಎಂದರು. ರೇವಂತ್ ಬೇಗ ಮುಗಿಸಿ ಮತ್ತೆ ಚೀಟಿ ಕೊಟ್ಟ. ದೀಪಶ್ರೀ ಈ ಸಲ ಹೀರಿದಳು, ಉಗಿದಳು. ಮುಂದಿನ ಲೋಟಕ್ಕೆ ಹೋದಳು, ಹಿಂದಕ್ಕೆ ಬಂದಳು. ನಾನು ಎದ್ದು ನಿಂತಿದ್ದೆ.

"ಇದ್ರಲ್ಲಿ ಉದುರು ಹಣ್ಣು ಐತೆ," ಎಂದಳು. ಮತ್ತೆ ಆ ತುದಿಗೆ ಹೋಗಿ ಇನ್ನೊಂದು ಲೋಟ ಹೀರಿದಳು. "ಇದ್ರಲ್ಲೂ ಚೂರು ಐತೆ ಸರ್."

"ಎರಡ್ರಲ್ಲಾ? ನಂಗೆ ಒಂದೇ ಸಿಕ್ಕಿದ್ದು," ಎಂದ ರೇವಂತ್.

"ಎರಡ್ರಲ್ಲೇ ಹಾಕಿದ್ದೆ," ಎಂದರು ಚಂದ್ರಶೇಖರ್. ನಂತರ ಅವಳ ಕಡೆ ತಿರುಗಿದರು. "ಸೋಮವಾರ ಬಾಮ್ಮ. ಆದ್ರೆ ಮೂರು ತಿಂಗಳು ಮನೆ ಕಾಫಿ ಮುಟ್ಟಂಗಿಲ್ಲ. ಮುಟ್ಟಿದ್ರೆ ಮತ್ತೆ ಅದೇ ಚೆನ್ನಾಗಿದೆ ಅಂತೀಯ."

ಮನೆಗೆ ಬಂದಾಗ ಅವಳ ತಾಯಿ ಮೀನಾಕ್ಷಮ್ಮ, ನಮ್ಮ ಅತ್ತಿಗೆ, ಜಗಲಿಯಲ್ಲೇ ಕಾಯುತ್ತಿದ್ದರು. ಕೈಯಲ್ಲಿ ಎರಡು ಲೋಟ ಕಾಫಿ.

"ಏನಾಯ್ತೇ?"

"ಸಿಕ್ತು ಕಣಮ್ಮ."

"ಅಬ್ಬ! ತಗೋ, ಕುಡಿ ಮೊದ್ಲು."

"ಕುಡಿಯಂಗಿಲ್ಲ ಕಣಮ್ಮ," ಎಂದು ಎಲ್ಲ ಹೇಳಿದಳು.

ಅತ್ತಿಗೆಯ ಮುಖ ಸಣ್ಣದಾಯಿತು. "ಇದ್ನೇ ಕುಡ್ದು ತಾನೇ ಬೆಳೆದಿದ್ದು ನೀನು? ಒಂದಿನಕ್ಕೆ ಕೆಟ್ಟೋಗ್ಬುಡ್ತಾ?"

ದೀಪಶ್ರೀ ನನ್ನ ಕಡೆ ನೋಡಿದಳು.

"ಇತ್ಲಾಗೆ ಕೊಡಿ ಅತ್ತಿಗೆ. ಅವಳ ಪಾಲಿಂದೂ ನಂಗೇ ಇರ್ಲಿ," ಎಂದು ಎರಡೂ ಲೋಟ ಕುಡಿದೆ. ನನಗೇನೋ ಚೆನ್ನಾಗಿಯೇ ಇತ್ತು. ಅತ್ತಿಗೆ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ದೀಪಶ್ರೀಯನ್ನು ಕೂರಿಸಿಕೊಂಡು ಜೀಪು ಸ್ಟಾರ್ಟ್ ಮಾಡಿದ್ದೆ. ಅತ್ತಿಗೆ ಓಡಿ ಬಂದು ಬಿಸಿನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು.

"ಇದ್ನಾದ್ರೂ ಕುಡೀಬೋದಾ ಕೇಳಪ್ಪ ಅವಳ್ನ," ಎಂದರು, ಮಗಳ ಮುಖ ನೋಡದೆ.