ಮುದ್ದೆಯೊಳಗಿನ ತುಪ್ಪ

ಇದೆಲ್ಲ ನಾನು ಹೇಳುವ ಹಾಗೆಯೇ ನಡೆಯಿತೆಂದು ಆಣೆ ಮಾಡಲಾರೆ. ಕಳೆದ ತಿಂಗಳು ಜಯನಗರದ ಹೋಟೆಲೊಂದರಲ್ಲಿ ಪಕ್ಕದವರ ಬಿಸಿ ಮುದ್ದೆಯ ಮೇಲೆ ತುಪ್ಪ ಕರಗಿದ ವಾಸನೆ ಬಂತು. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಕೋಣನಕುಂಟೆಯ ಓನರ್ ಅಕ್ಕ ನೆನಪಾದರು... ನೆನಪಾದದ್ದೆಷ್ಟು, ನಾನೇ ಸೇರಿಸಿಕೊಂಡದ್ದೆಷ್ಟು, ಆ ಅನುಮಾನ ಇನ್ನೂ ಹೋಗಿಲ್ಲ.

ಆಗ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವರದು ಹಳೇ ಊರಿನ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆಗಳೆದ್ದಿದ್ದವು. ಅಕ್ಕನ ತಮ್ಮನಿಗೆ ಎರಡೂ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆಯುತ್ತಿತ್ತು. ಅಕ್ಕನ ಕಿಡ್ನಿ ಅವನಿಗೆ ಹೊಂದುತ್ತಿತ್ತು. ಆದರೆ ಇಷ್ಟು ತೂಕವಿದ್ದರೆ ತೆಗೆಯಲಾಗದು, ಮೊದಲು ಇಳಿಸಿಕೊಂಡು ಬನ್ನಿ ಎಂದಿದ್ದರು ಡಾಕ್ಟರು. ತಮ್ಮ ಎಷ್ಟು ದಿನ ಕಾಯಬಲ್ಲ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

"ಮೇಷ್ಟ್ರೇ, ನಿಮ್ಗೂ ಹೊಟ್ಟೆ ಬಂದೈತೆ. ಬೆಳಿಗ್ಗೆ ಜೊತೆಗೆ ವಾಕಿಂಗ್ ಬನ್ನಿ," ಎಂದರು ಒಂದು ದಿನ. "ನೆನ್ನೆ ತಿಂದಿದ್ದೆಲ್ಲ ಒಬ್ಬರಿಗೊಬ್ಬರು ಒಪ್ಪಿಸ್ಬೇಕು. ಸುಳ್ಳು ಹೇಳಿದ್ರೆ ನನ್ ತಮ್ಮನ್ ಮೇಲಾಣೆ."

ಆಣೆಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಆದರೂ ಒಪ್ಪಿಸುತ್ತಿದ್ದೆ. ಮುಚ್ಚಿಟ್ಟರೆ ಸಿಕ್ಕಿಬೀಳುತ್ತಿದ್ದೆ. "ಬೋಂಡಾ ಹೇಳೋದು ಮರೆತ್ರಲ್ಲಾ ಮೇಷ್ಟ್ರೇ! ಅಂಗಡಿಯೋನು ಆಗ್ಲೇ ಹೇಳ್ದ," ಎಂದು ರಸ್ತೆಯಲ್ಲೇ ನಗುತ್ತಿದ್ದರು. ನನ್ನ ಪ್ಯಾಂಟು ಸಡಿಲವಾಯಿತು. ಅವರ ತೂಕ ಮಾತ್ರ ಇಳಿಯಲೇ ಇಲ್ಲ. ರಾತ್ರಿಗೆ ಒಂದು ಚಿಕ್ಕ ಮುದ್ದೆ, ಸೊಪ್ಪಿನ ಸಾರು, ಅಷ್ಟೇ ಎನ್ನುತ್ತಿದ್ದರು. ನಾನು ನಂಬಲಿಲ್ಲ.

ಒಂದು ಭಾನುವಾರ ಊಟಕ್ಕೆ ಕರೆದರು. ಅಕ್ಕನಿಗೆ ಮಂಡಿನೋವು, ಹೆಚ್ಚು ಹೊತ್ತು ಒಲೆಯ ಮುಂದೆ ನಿಲ್ಲಲಾಗದೆ ಮುದ್ದೆ ಕಟ್ಟುವ ಕೆಲಸ ಅವರ ಯಜಮಾನರದಾಗಿತ್ತು. ನೀರಿಗೆಂದು ಅಡುಗೆಮನೆಗೆ ಹೋದಾಗ ಕಂಡೆ. ಯಜಮಾನರು ಮುದ್ದೆಯಲ್ಲಿ ಗುಳಿ ಮಾಡಿ, ಗಟ್ಟಿ ತುಪ್ಪ ಇಟ್ಟು, ಮತ್ತೆ ಮುಚ್ಚಿ ಉಂಡೆ ಮಾಡುತ್ತಿದ್ದರು. ನನ್ನನ್ನು ನೋಡಿ ಬೆಚ್ಚಿದರು.

"ಸಣ್ಣ ಆದ್ರೆ ಕುಯ್ದುಬಿಡ್ತಾರೆ ಮೇಷ್ಟ್ರೇ. ನಂಗಿರೋಳು ಅವಳೊಬ್ಳೇ."

ಹೀಗೆಂದರೋ, ಸುಮ್ಮನೆ ದಿಟ್ಟಿಸಿದರೋ... ಈಗ ಯೋಚಿಸಿದರೆ ಎರಡೂ ನಿಜವೆನಿಸುತ್ತವೆ. ಊಟಕ್ಕೆ ಕೂತೆವು. ಆ ತುಪ್ಪದ ಮುದ್ದೆ ಅಕ್ಕನ ತಟ್ಟೆಗೆ ಬಿದ್ದಾಗ ನಾನು ತಲೆ ಬಗ್ಗಿಸಿ ನನ್ನ ಮುದ್ದೆ ಮುರಿದೆ.

ಮರುದಿನ ಬೆಳಿಗ್ಗೆ ಹೇಳಿಬಿಟ್ಟೆ. ಅಕ್ಕ ನಡೆಯುತ್ತಲೇ ಇದ್ದರು.

"ಗೊತ್ತು. ಮುದ್ದೆ ಮುರಿದ್ರೆ ತುಪ್ಪ ಕಾಣಲ್ವಾ?"

"ಮತ್ತೆ ಯಾಕಕ್ಕಾ ತಿಂತೀರಾ?"

"ತಟ್ಟೆ ಸರಿಸಿದ್ರೆ ಅವ್ರೂ ಉಪವಾಸ ಮಲಗ್ತಾರೆ." ಸ್ವಲ್ಪ ದೂರ ಹೋಗಿ ನಿಂತರು. ಏದುಸಿರು ಬರುತ್ತಿತ್ತು. "ಆಪರೇಷನ್ ಅಂದ್ರೆ ನಂಗೂ ಭಯ ಇತ್ತು ಮೇಷ್ಟ್ರೇ. ಅವ್ರು ತಿನ್ನಿಸ್ತಾರೆ ಅಂತ ನೆಪ ಮಾಡ್ಕೊಂಡು ತಿಂದೆ. ತಮ್ಮನ್ ಮೇಲೆ ಆಣೆ ಇಟ್ಟು ಇದೊಂದು ನಿಮ್ಗೆ ಒಪ್ಪಿಸಿರ್ಲಿಲ್ಲ."

ಅಂದು ಸಂಜೆ ಕೆಳಗಿನ ಮನೆಯಿಂದ ಅಕ್ಕನ ಕೂಗು ಕೇಳಿತು. "ಇವತ್ತಿಂದ ಮುದ್ದೆ ನಾನೇ ಕಟ್ಟೋದು. ಸರೀರಿ ಆಚೆ!" ಪಾತ್ರೆ ಬಿದ್ದ ಸದ್ದು. ಯಜಮಾನರು ನನ್ನೊಡನೆ ಮಾತು ಬಿಟ್ಟರು. ಕೆಲವೇ ದಿನಗಳಲ್ಲಿ ಮನೆ ಖಾಲಿ ಮಾಡಿಸಿದರು. ನಾನು ಬಿಟಿಎಂ ಬಡಾವಣೆಗೆ ಹೋದೆ. ಅಕ್ಕ ಆಮೇಲೂ ಫೋನಿನಲ್ಲಿ ತಿಂದದ್ದನ್ನು ಒಪ್ಪಿಸುತ್ತಿದ್ದರು. ಕಿಡ್ನಿಯ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆ ಫೋನು ಯಾವಾಗ ನಿಂತಿತು, ನಮ್ಮಲ್ಲಿ ಯಾರು ನಿಲ್ಲಿಸಿದರು... ತಿಳಿಯದು.

ಹೋಟೆಲಿನಿಂದ ಬಂದ ವಾರ ಕೋಣನಕುಂಟೆಗೆ ಹೋದೆ. ಅಕ್ಕ ಡೆಂಗಿ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ತಡವಾಗಿ ಬಂದಿದ್ದೆ. ಬಾಗಿಲು ತೆರೆದವನು ಅವರ ತಮ್ಮ. ಕಿಡ್ನಿ ಯಾರದೆಂದು ಕೇಳಬಾರದೆಂದುಕೊಂಡೇ ಕೇಳಿದೆ.

"ಅಕ್ಕಂದೇ ಸಾರ್," ಎಂದ ಅವನು, ಪಕ್ಕೆಯ ಮೇಲೆ ಕೈಯಿಟ್ಟು. "ಗಂಡ ಒಪ್ಪದಿದ್ರೆ ತೆಗೆಯಲ್ಲ ಅಂದಿದ್ರು ಡಾಕ್ಟ್ರು."

ಒಳಗೆ ಕೂತಿದ್ದ ಯಜಮಾನರನ್ನು ಕೇಳಿ ಇದೊಂದನ್ನು ಖಚಿತಪಡಿಸಿಕೊಂಡೆ: ಒಪ್ಪಿಗೆಗೆ ಅವರೇ ಸಹಿ ಹಾಕಿದ್ದರು.