ಗಂಗಾಂಬಿಕಾ ಮೇಡಂ ಮತ್ತು ದಾರಿ ತಪ್ಪಿದವರ ಲೆಕ್ಕ

ಸಂಖ್ಯಾಶಾಸ್ತ್ರವೆಂದರೆ ಸರಾಸರಿ ತೆಗೆಯುವ ವಿದ್ಯೆಯಷ್ಟೇ ಎಂದು ನಂಬಿದ್ದ ನಮ್ಮ ಸೀಮೆಯಲ್ಲಿ, ದಾರಿ ತಪ್ಪಿದವರನ್ನೂ ಅದರಿಂದ ಹುಡುಕಬಹುದೆಂದು ತೋರಿಸಿಕೊಟ್ಟವರು ಮಧುಗಿರಿಯ ನಮ್ಮ ಕಾಲೇಜಿನ ಶ್ರೀಮತಿ ಗಂಗಾಂಬಿಕಾ ಅವರು.

ಪಾವಗಡದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವರಿಗೆ ಈ ಹುಚ್ಚು ಹಿಡಿಯಿತು. ಮರೆವಿನ ಕಾಯಿಲೆಯ ಹಿರಿಯರು ಕಾಣೆಯಾಗಿ ಸಿಕ್ಕಾಗಲೆಲ್ಲ, ಎಲ್ಲಿಂದ ಹೊರಟರು, ಎತ್ತ ನಡೆದರು, ಎಲ್ಲಿ ಸಿಕ್ಕರು ಎಂದು ಮನೆಯವರನ್ನು ವಿಚಾರಿಸಿ ಬರೆದಿಟ್ಟುಕೊಳ್ಳುವರು. ಶಿರಾ, ಕೊರಟಗೆರೆಗಳಿಗೆ ವರ್ಗವಾದರೂ ಬಿಡಲಿಲ್ಲ. ಮದುವೆಯೂಟದ ಪಂಕ್ತಿಯಲ್ಲೂ ಇದನ್ನೇ ಕೇಳುತ್ತಾರೆಂದು ನಾವು ಗೇಲಿ ಮಾಡಿದ್ದುಂಟು. ಗಂಡಸರು ಹೆಚ್ಚಾಗಿ ದುಡಿದ ಜಾಗದತ್ತ, ಹೆಂಗಸರು ತವರಿನತ್ತ ಹೊರಡುತ್ತಾರೆಂಬುದು ಆ ಮಾಹಿತಿಯಿಂದ ತಿಳಿಯಿತು. ಪೊಲೀಸರೂ ಅವರಿಗೆ ಫೋನ್ ಮಾಡತೊಡಗಿದರು.

ಶಿಷ್ಯ ನರಸಿಂಹರಾಜು ಅವರ ಅಜ್ಜಿ ದಾಸಮ್ಮ ಒಮ್ಮೆ ಗೌರಿಹಬ್ಬದ ಹಿಂದಿನ ದಿನ ಕಾಣೆಯಾದರು. ಮರೆವಿನ ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದ ಜೀವ. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ತವರು ಚನ್ನರಾಯನದುರ್ಗ ಎಂದು ಕೇಳಿದ್ದೇ ತಡ, ಮೇಡಂ ಆ ರಸ್ತೆಯುದ್ದಕ್ಕೂ ಹುಡುಕಿಸಿದರು. ಮಧ್ಯಾಹ್ನವಾದರೂ ಸುಳಿವಿಲ್ಲ. ತಮ್ಮ ಲೆಕ್ಕ ನಂಬಿ ಒಂದು ಜೀವ ಹೋಗುವುದೇನೋ ಎಂದು ಮೇಡಂ ಮುಖ ಬಿಳಿಚಿಕೊಂಡಿತು. ಆಮೇಲೆ ಹೊಳೆಯಿತು: ಆ ಕಾಲದ ಹೆಣ್ಣುಮಗಳು ಕರೆಯದೆ ತವರಿಗೆ ಹೋಗುವಳೇ?

"ರಾಜು, ಹಬ್ಬಕ್ಕೆ ಅಜ್ಜೀನ ಕರ್ಕೊಂಡು ಹೋಗೋಕೆ ಯಾರು ಬರ್ತಿದ್ರು?"

"ಅವರಣ್ಣ, ಮೇಡಂ. ಹಳೇ ದಾರೀಲಿ ಹುಣಸೇಮರದ ತಾವ ಗಾಡಿ ನಿಲ್ಲಿಸ್ತಿದ್ರಂತೆ."

ದಾಸಮ್ಮ ಅಲ್ಲೇ, ಊರಿನ ಹಿಂಬದಿಯಲ್ಲೇ, ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಡಾಂಬರು ರಸ್ತೆ ಬಂದಮೇಲೆ ಆ ಕಡೆ ಯಾರೂ ಓಡಾಡುತ್ತಿರಲಿಲ್ಲ.

"ನಮ್ಮಣ್ಣ ಇನ್ನೂ ಬರ್ನಿಲ್ಲ ಕಣಮ್ಮ" ಎಂದರು, ನಿತ್ರಾಣದ ದನಿಯಲ್ಲಿ.

ಮೇಡಂ ಪಕ್ಕದಲ್ಲಿ ಕೂತು ಬಾಳೆಹಣ್ಣು ಸುಲಿದು ತಿನ್ನಿಸಿ, "ನಿಮ್ಮನ್ನ ಕರೆಯೋಕೆ ನಾನು ಬಂದಿದ್ದೀನಲ್ಲ, ಏಳಿ" ಎಂದರು. ಅಂದು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನರಸಿಂಹರಾಜು ಇಂದಿಗೂ ನೆನೆಯುತ್ತಾರೆ. ಅಲ್ಲಿಂದಾಚೆಗೆ, ಯಾವ ಹೆಂಗಸು ಕಾಣೆಯಾದರೂ ಮೇಡಂ ಕೇಳುವ ಮೊದಲ ಪ್ರಶ್ನೆ, ಕರೆಯಲು ಯಾರು ಬರುತ್ತಿದ್ದರು ಎಂಬುದೇ ಆಯಿತು.

ಈಗ ಮೇಡಂ ನಿವೃತ್ತರಾಗುತ್ತಿದ್ದಾರೆ. ನಮಗೆಲ್ಲ ಮನಸ್ಸು ಭಾರವಾಗಿದೆ. ಅವರಿಗೆ ದೀರ್ಘಾಯುಸ್ಸೂ ಆರೋಗ್ಯವೂ ಇರಲಿ, ಹುಡುಕುವ ಹುಮ್ಮಸ್ಸು ಬತ್ತದಿರಲಿ. ಅವರ ತವರು ಯಾವುದೆಂಬುದು ಲೆಕ್ಕ ಹಾಕದೆಯೂ ನಮಗೆ ಗೊತ್ತು, ಅದು ಈ ಕಾಲೇಜೇ. ಆದರೆ ಕರೆಯದೆ ಬರುವವರಲ್ಲ ಅವರು. ಗೇಟಿನಾಚೆ ನಿಂತು ಕಾಯುವಂತಾಗದಿರಲೆಂದು, ಪ್ರತಿ ವರ್ಷ ತರಗತಿ ಶುರುವಾಗುವ ದಿನ ನಾವೇ ಅವರ ಮನೆಗೆ ಹೋಗಿ ಕರೆತರುತ್ತೇವೆ.