ಬಲೆಯ ಜೊತೆ ಹಾರಿದ ಹಲ್ಲು

ಚಿನಕುರಳಿ ಹತ್ತಿರ ಪಂಪ್‌ಸೆಟ್ಟು ರಿಪೇರಿ ಮುಗಿಸಿ, ಕೆರೆಯಲ್ಲಿ ಕೈಕಾಲು ತೊಳೆಯುತ್ತಿದ್ದೆ. ಪಕ್ಕದಲ್ಲೇ ಹಿರಿಯರೊಬ್ಬರು ಬೀಸುಬಲೆ ಬಿಡಿಸಿಕೊಳ್ಳುತ್ತಿದ್ದರು. ಗಾಳಕ್ಕೆ ಸಿಕ್ಕಿಸಲು ಜೀವಂತ ಸಣ್ಣ ಮೀನು ಬೇಕಂತೆ.

"ಸತ್ತಿದ್ದನ್ನ ಬಾಳೆ ಮೀನು ಮೂಸೂ ನೋಡಾಕಿಲ್ಲ ಕಣಪ್ಪ," ಅಂದವರೇ ಬಲೆಯ ಅಂಚನ್ನು ಹಲ್ಲಲ್ಲಿ ಕಚ್ಚಿ, ಅರ್ಧ ಸುತ್ತು ತಿರುಗಿ ಬೀಸಿದರು. ಬಲೆ ಛತ್ರಿಯಂತೆ ಬಿಚ್ಚಿಕೊಂಡು ನೀರಿಗೆ ಬಿತ್ತು.

ನಾನು ಭೇಷ್ ಅನ್ನುವಷ್ಟರಲ್ಲಿ ಅವರು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು. "ಅಲ್ಲು! ನನ್ನ ಅಲ್ಲು ಓಯ್ತು!"

ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಬಲೆಯ ಜೊತೆಗೇ ಹಾರಿಹೋಗಿತ್ತು.

"ನಾಳೆ ಮಗಳ ಬೀಗ್ರೂಟ. ಬಾಡು ಎಂಗಪ್ಪ ಅಗೀಲಿ?"

"ತಡೀರಿ, ಜೋರಾಗಿ ಎಳೀಬೇಡಿ," ಎಂದು ಪ್ಯಾಂಟು ಮಡಚಿ ನೀರಿಗಿಳಿದೆ. ಇಬ್ಬರೂ ಉಸಿರು ಬಿಗಿಹಿಡಿದು ಬಲೆಯನ್ನು ಮೆಲ್ಲಗೆ ದಡಕ್ಕೆ ತಂದೆವು. ಪಟಪಟ ಒದ್ದಾಡುವ ಪುಟ್ಟ ಮೀನುಗಳ ನಡುವೆ, ದಾರಕ್ಕೆ ಸಿಕ್ಕಿಕೊಂಡ ಸೆಟ್ಟು ಹಲ್ಲು ಕಿಸಿಯುತ್ತಿತ್ತು.

ಮೊದಲು ಅವರು ಮೀನನ್ನೆಲ್ಲ ಬಕೆಟ್ಟಿನ ನೀರಿಗೆ ಬಿಟ್ಟರು. ಆಮೇಲೆ ಹಲ್ಲು ತೊಳೆದು ಹಾಕಿಕೊಂಡು, "ಬಾ, ಈಗ ನೀನು ಕಚ್ಕೊಂಡು ಬೀಸು," ಅಂದರು.

ನಾನು ಬಕೆಟ್ಟು ಹಿಡಿದುಕೊಂಡು ದೂರವೇ ನಿಂತೆ. ನನ್ನವು ಹುಟ್ಟಿದ ಹಲ್ಲುಗಳು, ತೊಳೆದು ವಾಪಸ್ಸು ಹಾಕಿಕೊಳ್ಳಲು ಬರುವುದಿಲ್ಲ.